'ರೀ' ಅಂದರೆ ಸಾಲದು

ಪ್ರಭಾ ಆಂಟಿ ಪಿಸ್ಕಾಟವೇಯಲ್ಲಿ ನಮ್ಮ ಪಕ್ಕದ ಮನೆಯವರು, ಧಾರವಾಡದ ಕಡೆಯವರು. ಲ್ಯಾಬ್ ಕೆಲಸದಿಂದ ರಿಟೈರ್ ಆದಮೇಲೆ ಯೂನಿವರ್ಸಿಟಿಗೆ ಹೋಗಿ ಹಳೇ ಚೀನೀ ಕಾವ್ಯದ ಕ್ಲಾಸಿನಲ್ಲಿ ಕೂರುತ್ತಾರೆ. ಯಾಕೆ ಅಂತ ಮಾತ್ರ ಕೇಳಬೇಡಿ, ನಾನು ಕೇಳಿ ಕೆಟ್ಟೆ. ಸತ್ತವರನ್ನು ಹೊತ್ತೊಯ್ಯುವ ಕೊಕ್ಕರೆ, ಸೂರ್ಯನೊಳಗೆ ಇರುವ ಮೂರು ಕಾಲಿನ ಕಾಗೆ, ಎಲ್ಲಾ ಹೇಳುತ್ತಾ ನನ್ನ ಸಾರು ಉಕ್ಕಿಸಿದರು.

ಕಾಗೆ ಅಂದಾಗ ಮಾತ್ರ ಅವರ ಮುಖ ಸಣ್ಣಗಾಯಿತು. ಹೋದ ವರ್ಷ ಅವರ ಯಜಮಾನರು, ಬದರೀನಾಥ ಅಂಕಲ್, ಮ್ಯಾನ್‌ಹ್ಯಾಟನ್ ಆಫೀಸಿಗೆಂದು ಹ್ಯಾರಿಸನ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿ, ಪ್ಲಾಟ್‌ಫಾರಂ ಮೇಲೇ ಕುಸಿದು ಹೋಗಿಬಿಟ್ಟರು. ಪಾರ್ಕಿನ ಕೆರೆ ದಂಡೆಯಲ್ಲಿ ಪಿಂಡ ಇಟ್ಟರೆ ಕಾಗೆ ಮುಟ್ಟಲೇ ಇಲ್ಲ. ಕೊಬ್ಬಿದ ಬಾತುಕೋಳಿಗಳು ಬಂದು ತಿಂದವು. ಅಂಕಲ್ ಇನ್ನೂ ಅಲ್ಲೇ ಟ್ರೈನ್ ಕಾಯುತ್ತಾ ನಿಂತಿದ್ದಾರೆ ಅಂತ ಆಂಟಿಗೆ ಆವತ್ತಿನಿಂದ ಕೊರಗು.

ಮೊನ್ನೆ ಕ್ಲಾಸಿನಿಂದ ನೇರ ನಮ್ಮ ಅಡುಗೆಮನೆಗೇ ನುಗ್ಗಿದರು, ಚಪ್ಪಲಿ ಕೂಡ ಬಿಡಲಿಲ್ಲ. "ಬಿಂದು, ದಾರಿ ಸಿಕ್ತು. ಹಳೇ ಚೀನಾದಾಗ ಯಾರರ ಸತ್ರ, ಅವರು ತೊಟ್ಟ ಅಂಗಿ ಹಿಡಕೊಂಡು ಮಾಳಿಗಿ ಹತ್ತಿ ಜೀವಾನ ವಾಪಸ್ ಕರೀತಿದ್ರಂತ. ಆ ಕಡೆ ಹೋಗಬ್ಯಾಡ, ಸೂರ್ಯ ಸುಡ್ತಾನ. ಈ ಕಡೆ ಹೋಗಬ್ಯಾಡ, ಬರೇ ಹಿಮ. ಮನೀಗೆ ಬಾ, ಊಟ ಬಿಸಿ ಅದ. ಇದನ್ನೇ ಪದ್ಯ ಕಟ್ಟ್ಯಾರ."

"ಸರಿ, ಕರೀರಿ ಮತ್ತೆ."

"ಹೆಸರು ಹಿಡದು ಕರೀಬೇಕಂತ," ಅಂದು ಕೂತುಬಿಟ್ಟರು.

ಅಯ್ಯೋ ರಾಮ. ಆಂಟಿ ಗಂಡನ ಹೆಸರು ಹೇಳಿದ್ದು ಮದುವೆಯಲ್ಲಿ, ಪದ್ಯದೊಳಗೆ ಹೆಸರು ಸೇರಿಸಿ ಹೇಳುವ ಒಡಪಿನಲ್ಲಿ ಒಮ್ಮೆ, ಅಷ್ಟೇ. ಬ್ಯಾಂಕಿನವರು ಕೇಳಿದರೂ ಸ್ಪೆಲ್ಲಿಂಗ್ ಹೇಳುತ್ತಿದ್ದರೇ ಹೊರತು ಹೆಸರು ಹೇಳುತ್ತಿರಲಿಲ್ಲ. 'ರೀ' ಅಂತಲೇ ಕರೀರಿ ಅಂದೆ.

"ಆ ಸ್ಟೇಷನ್ನಿನಾಗ ನಮ್ಮ ಕಡೆ ಗಂಡಸರು ಎಷ್ಟು ಮಂದಿ ಅದಾರ. ರೀ ಅಂದ್ರ ಎಲ್ಲಾರೂ ಹೊಳ್ಳಿ ನೋಡ್ತಾರ, ಹುಚ್ಚಿ," ಅಂತ ಗದರಿದರು.

ಶನಿವಾರ ಆಂಟಿಯೇ ಡ್ರೈವ್ ಮಾಡಿ, ಸ್ಟೇಷನ್ ಪಕ್ಕದ ಪಾರ್ಕಿಂಗ್ ಡೆಕ್‌ನ ತುತ್ತತುದಿಯ ಮಹಡಿಗೆ ಕರೆದುಕೊಂಡು ಹೋದರು. ಅಂಕಲ್‌ನ ಆಫೀಸ್ ಅಂಗಿಯ ಕಾಲರ್ ಹಿಡಿದು ಎತ್ತಿದರು, ಬಾಯಿ ತೆರೆದರು, ಮುಚ್ಚಿದರು. ಕೆಳಗೆ ಟ್ರೈನ್ ಬಂದು ನಿಂತಿತು. ಅದರ ಬಾಗಿಲು ಮುಚ್ಚುವಷ್ಟರಲ್ಲಿ ಕೂಗಿದರು ನೋಡಿ:

"ಬದರೀನಾಥ! ಆ ಟ್ರೈನ್ ಹತ್ತಬ್ಯಾಡ್ರಿ. ಮನೀಗೆ ಬರ್ರಿ. ಝುಣಕಾ ಮಾಡೇನಿ."

ಟ್ರೈನ್ ಹೋಯಿತು. ಆಂಟಿ ಅಂಗಿ ಮಡಿಸಿ ಎದೆಗವಚಿಕೊಂಡು ಕಾರಿನ ಹತ್ತಿರ ಬಂದರು. ನಾನು ಮುಂದಿನ ಸೀಟಿನ ಬಾಗಿಲು ತೆಗೆದೆ.

"ನೀ ಹಿಂದ ಕೂಡು," ಅಂದರು. "ಅವರಿಗೆ ಹಿಂದ ಕೂತ್ರ ತಲಿ ತಿರಗ್ತದ."