ಕುಕ್ಕೆ ಕಟ್ಟಿದ ಎತ್ತು, ಜಲಸಂಧಿಯ ಹಡಗು

ಹಿರಿಯೂರಿನ ಹೆದ್ದಾರಿ ಹೋಟೆಲೊಂದರಲ್ಲಿ, ಎತ್ತಿನ ಬಾಯಿಗೆ ಕಟ್ಟುವ ಹಗ್ಗದ ಕುಕ್ಕೆಗಳನ್ನು ದೀಪಗಳ ಸುತ್ತ ಅಲಂಕಾರಕ್ಕೆ ತೂಗುಹಾಕಿದ್ದಾರೆ ನೋಡಿ. ಅದರಡಿ ಕೂತು ದೋಸೆ ತಿನ್ನುತ್ತಿದ್ದೆ. ಎದುರಿನ ಟಿವಿಯಲ್ಲಿ ಹೊರ್ಮುಜ್ ಜಲಸಂಧಿಯಲ್ಲಿ ಮತ್ತೆ ಬಿಗುವಿನ ವಾತಾವರಣ ಎಂಬ ಸುದ್ದಿ. ಅದರ ಬಾಗಿಲಲ್ಲೇ ಲಂಗರು ಹಾಕಿ ನಿಂತಿರುವ ಎಣ್ಣೆ ಹಡಗಿನಲ್ಲಿ ನನ್ನ ತಮ್ಮ ಚಂದ್ರು ಫಿಟ್ಟರ್. ದೋಸೆ ಬದಿಗಿಟ್ಟು ಟಿವಿಯನ್ನೇ ನೋಡತೊಡಗಿದೆ.

ಅವನು ಹಡಗು ಹತ್ತಿದ ಮೇಲೆ ನಾನು ಸಮುದ್ರದ ಕಾನೂನು ಓದುವ ಚಟ ಹತ್ತಿಸಿಕೊಂಡಿದ್ದೇನೆ. ಮೇಷ್ಟ್ರಲ್ಲವೇ, ಸುಮ್ಮನಿರಲು ಬರುವುದಿಲ್ಲ. ದಡ ಯಾರದೇ ಆಗಲಿ, ಜಗತ್ತೆಲ್ಲ ಬಳಸುವ ಜಲಸಂಧಿಯಲ್ಲಿ ಯುದ್ಧನೌಕೆಯೂ ನಿಲ್ಲದೆ, ಬೆದರಿಸದೆ ಹಾದುಹೋಗಬಹುದು ಎನ್ನುತ್ತದೆ ದೇಶಗಳು ಸೇರಿ ಮಾಡಿಕೊಂಡ ಸಮುದ್ರದ ಒಪ್ಪಂದ. ಆದರೆ ಹೊರ್ಮುಜ್‌ನ ಒಂದು ದಡದ ದೇಶದಂತೆ, ಸಹಿ ಹಾಕಿಯೂ ಅಂಗೀಕರಿಸದವರು ಅದಕ್ಕೆ ತಲೆಬಾಗುವುದಿಲ್ಲ. ಕಪ್ಪು ಸಮುದ್ರದ ಬಾಗಿಲಿಗೆ ಬೇರೆಯೇ ಒಪ್ಪಂದ. ಯುದ್ಧ ಹತ್ತಿದರೆ ಕಾದಾಡುವವರ ನೌಕೆಗಳಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ. ಇಷ್ಟೆಲ್ಲ ಓದಿದರೂ ನನಗೆ ಅರ್ಥವಾಗುವುದು ನಮ್ಮ ದೊಡ್ಡವ್ವನ ಹೊಲದ ಲೆಕ್ಕದಲ್ಲೇ.

ಬಿ.ದುರ್ಗದ ಹತ್ತಿರ ಎರಡು ಗುಡ್ಡಗಳ ನಡುವೆ ದೊಡ್ಡವ್ವನ ಹೊಲ. ಆಚೆಯವರ ಗಾಡಿಗಳಿಗೆ ಬೇರೆ ದಾರಿಯೇ ಇರಲಿಲ್ಲ. ಪೈರಿಗೆ ಬಾಯಿ ಹಾಕದಂತೆ ಎತ್ತಿಗೆ ಕುಕ್ಕೆ ಕಟ್ಟಿರಬೇಕು, ಗಾಡಿ ನಿಲ್ಲಿಸಬಾರದು, ಕುಡುಗೋಲು ಹುಲ್ಲಿನಡಿ ಇರಬೇಕು. ಇಷ್ಟೇ ಅವಳ ಕರಾರು. ಒಂದು ಸುಗ್ಗಿಯಲ್ಲಿ ಆಚೆಯ ಎರಡು ಮನೆಯವರಿಗೆ ಜಗಳ ಹತ್ತಿತು. ಒಬ್ಬ ಬಂದು, ‘ದೊಡ್ಡವ್ವಾ, ಅವ್ರ ಗಾಡಿ ಬಿಡಬ್ಯಾಡ್ರಿ’ ಎಂದ.

‘ಏನಪ್ಪ, ಇವತ್ತು ಅವ್ರಿಗೆ ಮುಚ್ಚಿದ್ರೆ ನಾಳೆ ನಿನ್ ಗಾಡಿಗೆ ಅವ್ರು ಅಡ್ಡ ನಿಲ್ತಾರೆ. ಆಮೇಲೆ ಕುಡುಗೋಲು ಹುಲ್ಲಿನಡಿ ಇರ್ತೈತಾ? ಸುಗ್ಗಿ ಮುಗಿಯೋಗಂಟ ನಾನಿಲ್ಲೇ ಕುಂತಿರ್ತೀನಿ, ಹೋಗು.’

ಕೂತೇಬಿಟ್ಟಳು. ಬುತ್ತಿ ಒಯ್ಯುತ್ತಿದ್ದವರು ನಾನು, ಚಂದ್ರು. ಎರಡು ಮನೆಯವರೂ ಮುಖ ತಿರುಗಿಸಿಕೊಂಡೇ ಗಾಡಿ ಹೊಡೆದರು. ಹೊಡೆದಾಟ ಮಾತ್ರ ಆಗಲಿಲ್ಲ. ಅಯ್ಯೋ, ಆ ಬದುವಿನ ಮೇಲೆ ನಾವು ಮೂವರೂ ರೊಟ್ಟಿ ಹಂಚಿಕೊಂಡು ತಿಂದ ಮಧ್ಯಾಹ್ನಗಳು ಎಲ್ಲಿ ಹೋದವು! ದೊಡ್ಡವ್ವ ಈಗಿಲ್ಲ. ದೇಶಗಳ ದಾರಿ ಕಾಯಲು ಅವಳಂತೆ ಯಾರು ಕೂರುತ್ತಾರೋ ನಾನರಿಯೆ.

ಕೈ ತೊಳೆಯುವಷ್ಟರಲ್ಲಿ ಚಂದ್ರುವಿನ ಫೋನ್. ‘ಅಣ್ಣಾ, ಲಂಗರು ಎತ್ತಿದ್ರು. ಇನ್ನು ದಾಟೋಗಂಟ ಫೋನ್ ಸಿಗಲ್ಲ.’

ಕಾನೂನು ಹೇಳಿ ಧೈರ್ಯ ತುಂಬಲು ಬಾಯಿ ತೆರೆದೆ. ‘ಲೇ, ನೀನಿಲ್ದೆ ನಂಗೆ ಬಾಳ ಬೇಜಾರು ಕಣೋ. ಬೇಗ ಬಾ’ ಎಂದುಬಿಟ್ಟೆ. ಇಂಥ ಮಾತು ನಮ್ಮಿಬ್ಬರ ನಡುವೆ ಎಂದೂ ಬಂದಿರಲಿಲ್ಲ.

‘ಏನಣ್ಣ? ಗಾಳಿ ಐತೆ, ಕೇಳಿಸ್ಲಿಲ್ಲ.’

ಹೋಟೆಲಿನವರೆಲ್ಲ ತಿರುಗಿ ನೋಡುವಂತೆ ಕೂಗಿ ಇನ್ನೊಮ್ಮೆ ಹೇಳಿದೆ.