ನಾಲಿಗೆಯ ಕೆಳಗಿಡುವ ಮಾತ್ರೆ

ಹೊಸದುರ್ಗದಲ್ಲಿ ಮೇಷ್ಟ್ರಾಗಿರುವವನಿಗೆ ಗುಟ್ಟು ಅನ್ನುವುದು ಉಳಿಯುವುದಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿನವನು ನನ್ನ ಜೊತೆ ಓದಿದವನು. ಅವನ ಮಗಳು ನನ್ನ ಕ್ಲಾಸಿನಲ್ಲೇ ಇದ್ದಾಳೆ. ನೆಗಡಿ ಮಾತ್ರೆ ಕೇಳಿದರೂ "ಯಾರಿಗೆ, ಮನೆಯೋರಿಗಾ?" ಎಂದು ವಿಚಾರಿಸುತ್ತಾನೆ. ಹಾಸಿಗೆಯಲ್ಲಿ ನನ್ನ ಮೈ ನನ್ನ ಮಾತು ಕೇಳದೆ ಹೋದಾಗ ಅವನ ಅಂಗಡಿ ಮೆಟ್ಟಿಲು ಹತ್ತುವುದನ್ನು ನೆನೆಸಿಕೊಳ್ಳಲೂ ಆಗಲಿಲ್ಲ. ಹೆಂಡತಿ ಏನೂ ಅನ್ನಲಿಲ್ಲ. ಗೋಡೆ ಕಡೆ ತಿರುಗಿ ಮಲಗುತ್ತಿದ್ದವನು ನಾನೇ.

ಗಂಡಸರ ಆರೋಗ್ಯಕ್ಕೆಂದೇ ಇರುವ ಒಂದು ಆ್ಯಪ್ ಫೋನಿನಲ್ಲಿ ಸಿಕ್ಕಿತು. ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಅದರ ಪ್ರಶ್ನೆಗಳಿಗೆ ಉತ್ತರ ಒತ್ತಿದೆ. ಬಿಪಿ ಇದೆಯೇ? ಯಾವತ್ತೂ ನೋಡಿಸಿರಲಿಲ್ಲ, ಇಲ್ಲ ಎಂದೆ. ಹೃದಯದ ತೊಂದರೆ? ಇಲ್ಲ. ಆಮೇಲೆ ಒಬ್ಬ ಡಾಕ್ಟರು ಫೋನ್ ಮಾಡಿದರು. ಅವಸರದ ದನಿ. ಆದರೂ ಒಂದು ಮಾತನ್ನು ಒತ್ತಿ ಹೇಳಿದರು: "ಎದೆನೋವಿಗೆ ನಾಲಿಗೆ ಕೆಳಗೆ ಇಡೋ ಮಾತ್ರೆ ಇರುತ್ತಲ್ಲ, ಇದರ ಜೊತೆ ಅದನ್ನ ತಗೋಲೇಬಾರದು. ಬಿಪಿ ಕುಸಿದು ಪ್ರಾಣಕ್ಕೇ ಕುತ್ತು ಬರುತ್ತೆ." ಅದರ ಗೊಡವೆ ನನಗ್ಯಾಕೆ ಅಂದುಕೊಂಡೆ. ಹೊರಗೆ ಏನೂ ಬರೆಯದ ಡಬ್ಬಿ ಶಾಲೆಗೆ ಬಂತು. ಮಾತ್ರೆ ಕೆಲಸ ಮಾಡಿತು. ಹೆಂಡತಿಗೆ ಹೇಳಲಿಲ್ಲ.

ಅವಳ ಅಣ್ಣ ಹರಿಯಬ್ಬೆಯಲ್ಲಿ ಕುರಿ ಸಾಕಿದ್ದಾರೆ. ಗಟ್ಟಿ ಆಳು. ಆದರೂ ಹಿಂದೊಮ್ಮೆ ಹೃದಯಾಘಾತವಾಗಿ, ಅಂದಿನಿಂದ ಎದೆನೋವಿನ ಮಾತ್ರೆಯನ್ನು ಅಂಗಿ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಾರೆ. ಒಂದು ಭಾನುವಾರ ಬೆಳಿಗ್ಗೆ ನಾವಿಬ್ಬರೂ ಅಲ್ಲಿಗೆ ಹೋದೆವು. ಹಿಂದಿನ ದಿನ ನಾನು ನನ್ನ ಮಾತ್ರೆ ನುಂಗಿದ್ದೆ.

ಭಾವನ ಜೊತೆ ಮೇವಿನ ಹೊರೆ ಹೊತ್ತು ಕುರಿರೊಪ್ಪಕ್ಕೆ ಹೋಗುವಾಗ ಎದೆಯ ಮೇಲೆ ಯಾರೋ ಮಂಡಿಯೂರಿ ಕೂತಂತಾಯಿತು. ಎಡಗೈ ಜೋಮು ಹಿಡಿಯಿತು. ಹೊರೆ ಅಲ್ಲೇ ಬಿತ್ತು, ನಾನೂ ಕುಸಿದೆ.

"ಮೇಷ್ಟ್ರೇ! ಏನಾತು? ಕುಂತ್ಕಳ್ರಿ, ಕುಂತ್ಕಳ್ರಿ." ನನ್ನ ಬೆವರು ಕಂಡದ್ದೇ ಭಾವ ಜೇಬಿಗೆ ಕೈ ಹಾಕಿದರು. "ನಂಗೂ ಹಿಂಗೇ ಆಗಿತ್ತು. ಇದನ್ನ ನಾಲ್ಗೆ ಕೆಳಗೆ ಇಟ್ಕಳ್ರಿ. ಬಾಯಿ ತೆಗೀರಿ."

ನಾನು ಹಲ್ಲು ಕಚ್ಚಿದೆ.

ಹೆಂಡತಿ ಓಡಿ ಬಂದು ನನ್ನ ದವಡೆ ಹಿಡಿದಳು. "ರೀ, ಬಾಯಿ ತೆಗೀರಿ! ಅಣ್ಣ, ಹಲ್ಲು ಬಿಡ್ತಿಲ್ಲ ಇವ್ರು!" ಭಾವನ ಕುರಿವಾಸನೆಯ ಹೆಬ್ಬೆರಳು ನನ್ನ ತುಟಿ ಸಂದಿನಲ್ಲಿ ತೂರುತ್ತಿತ್ತು. ತಲೆ ಅತ್ತಿತ್ತ ಆಡಿಸಿದೆ. ಇಬ್ಬರೂ ನನ್ನನ್ನು ಉಳಿಸಲೆಂದೇ ಹೆಣಗುತ್ತಿದ್ದರು. ಮಾತಾಡಬೇಕೆಂದರೆ ಬಾಯಿ ತೆರೆಯಬೇಕು. ತೆರೆದರೆ ಮಾತ್ರೆ ಒಳಗೆ. ಅದಕ್ಕಿಂತ ಹೆಚ್ಚಾಗಿ, ಹೆಂಡತಿಯ ಅಣ್ಣನ ಮುಂದೆ ಆ ಮಾತನ್ನು ಹೇಳುವುದು ಹೇಗೆ? ಸಾಯುವ ಭಯದ ಪಕ್ಕದಲ್ಲೇ ನಾಚಿಕೆಯೂ ಅಷ್ಟೇ ದೊಡ್ಡದಾಗಿ ಕೂತಿತ್ತು ಅಂದರೆ ಇವತ್ತಿಗೂ ನನಗೆ ಆಶ್ಚರ್ಯ.

ಇದ್ದ ಬಲವನ್ನೆಲ್ಲ ಹಾಕಿ ಅವರ ಕೈ ತಳ್ಳಿದೆ. "ಬ್ಯಾಡ ಭಾವ. ಇದು ಕೊಟ್ರೆ ಸತ್ತೋಗ್ತೀನಿ. ನಿನ್ನೆ ಬೇರೆ ಮಾತ್ರೆ ತಗಂಡಿದೀನಿ."

"ಯಾವ ಮಾತ್ರೆ?"

"ಗಂಡಸ್ರುದು. ಫೋನಲ್ಲಿ ತರ್ಸಿದ್ದು."

ಭಾವನ ಕೈ ಅಲ್ಲೇ ನಿಂತಿತು. ಹೆಂಡತಿ ನನ್ನ ಮುಖ ನೋಡಿದಳು. ಸಿಟ್ಟೋ ಮರುಕವೋ ತಿಳಿಯುವಷ್ಟು ಹೊತ್ತು ಇರಲಿಲ್ಲ. "ಅಣ್ಣ, ಕಾರ್ ತೆಗಿ," ಅಂದಳು.

ಹಿರಿಯೂರಿನ ಆಸ್ಪತ್ರೆ ಬಾಗಿಲಲ್ಲಿ ಸ್ಟ್ರೆಚರಿನ ಸುತ್ತ ಜನ ಸೇರಿದ್ದರು. ಅವರ ನಡುವೆಯೇ ಹೆಂಡತಿ ದನಿ ತಗ್ಗಿಸದೆ ಡಾಕ್ಟರಿಗೆ ಹೇಳಿದಳು: "ನಿನ್ನೆ ಗಂಡಸ್ರ ಮಾತ್ರೆ ತಗಂಡವ್ರೆ. ಮೊದ್ಲು ಅದನ್ನ ಬರ್ಕಳ್ರಿ ಸಾರ್." ನಾನು ಕಣ್ಣು ಮುಚ್ಚಿಕೊಂಡೆ. ಡಾಕ್ಟರು ಮಾತ್ರ ತಲೆಯಾಡಿಸಿ, "ಹೇಳಿದ್ದು ಒಳ್ಳೇದಾಯ್ತಮ್ಮ," ಎಂದು ನರ್ಸಿನ ಕೈಲಿದ್ದ ಔಷಧಿ ಬದಲಿಸಿದರು.

ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಚಿತ್ರದುರ್ಗ ದಾಟಿ ದಾವಣಗೆರೆ. ಸ್ಟೆಂಟ್ ಹಾಕಿದರು, ಬದುಕಿದೆ. ಹೃದಯದ ಡಾಕ್ಟರು ಕೇಳಿದರು: "ಆ ಮಾತ್ರೆ ತಗೊಳ್ಳೋ ತೊಂದರೆ ಯಾವಾಗಿಂದ?" ವರ್ಷದಿಂದ ಎಂದೆ. "ಕೆಲವರಲ್ಲಿ ರಕ್ತನಾಳದ ಕಾಯಿಲೆ ಮೊದಲು ಅಲ್ಲೇ ಕಾಣಿಸುತ್ತೆ. ಆಗಲೇ ಯಾರಾದ್ರೂ ಬಿಪಿ ನೋಡಿದ್ರೆ ಚೆನ್ನಾಗಿರ್ತಿತ್ತು." ಫೋನಿನಲ್ಲಿ ಯಾರು ನೋಡುತ್ತಾರೆ?

ವಾರ್ಡಿಗೆ ಹಾಕಿದ ಮೇಲೆ ಭಾವ ಬಂದರು. ಹೆಂಡತಿ ಕಾಫಿಗೆ ಹೋದದ್ದನ್ನು ನೋಡಿಕೊಂಡು ಕುರ್ಚಿ ಹತ್ತಿರಕ್ಕೆ ಎಳೆದರು.

"ಮೇಷ್ಟ್ರೇ, ನಾನೂ ತರ್ಸಿದೀನಿ."

"ಏನು?"

"ಅದೇ. ಫೋನಲ್ಲಿ. ಹೃದಯದ ತೊಂದ್ರೆ ಐತಾ ಅಂತ ಕೇಳ್ತು. ಐತೆ ಅಂದ್ರೆ ಕಳ್ಸಲ್ಲ ಅಂತ, ಇಲ್ಲ ಅಂತ ಒತ್ತಿದೆ. ಫೋನ್ ಮಾಡಿದ ಡಾಕ್ಟ್ರಿಗೂ ಇಲ್ಲ ಅಂತಲೇ ಅಂದೆ."

"ತಗಂಡ್ರಾ?"

"ಇನ್ನೂ ಡಬ್ಬಿ ಒಡೆದಿಲ್ಲ. ನೀವು ಬಂದು ಹೋದ್ಮೇಲೆ ನೋಡಾಣ ಅಂತಿದ್ದೆ."

ಅವರ ಅಂಗಿ ಜೇಬು, ಅದರೊಳಗಿನ ಎದೆನೋವಿನ ಮಾತ್ರೆ ನನ್ನ ಕಣ್ಣೆದುರೇ ಇದ್ದವು. ಅಷ್ಟರಲ್ಲಿ ಡಾಕ್ಟರು ರೌಂಡ್ಸಿಗೆ ಬಂದರು. ಭಾವ ಎದ್ದು ಹೊರಡಲು ನೋಡಿದರು. ಸೂಜಿ ಚುಚ್ಚಿದ್ದ ಕೈಯಿಂದಲೇ ಅವರ ಮುಂಗೈ ಹಿಡಿದೆ.

"ಸಾರ್, ನಮ್ಮ ಭಾವ ನಿಮ್ಮತ್ರ ಒಂದು ಕೇಳಬೇಕಂತೆ."

ಭಾವ ನೆಲ ನೋಡುತ್ತ ನಿಂತರು. ಕೊನೆಗೆ ಬಾಯಿಬಿಟ್ಟರು: "ಹೆಂಗ್ ಹೇಳಾದು ಸಾರ್..." ಡಾಕ್ಟರು ಆ ಖಾಲಿ ಕುರ್ಚಿಯಲ್ಲಿ ಕೂತು, ಅವರ ಮಾತು ಮುಗಿಯುವವರೆಗೂ ಕೇಳಿದರು.