ಬಟರ್ ಫ್ರೂಟ್ ಪಾರ್ಟಿ, ಹಸಿರು ಬಟ್ಟೆ ಕಡ್ಡಾಯ

ಬಟರ್ ಫ್ರೂಟನ್ನು ಕುಕ್ಕರಿನಲ್ಲಿಟ್ಟು ವಿಷಲ್ ಕೂಗಿಸಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ?

ಇರಲಿಕ್ಕಿಲ್ಲ. ನಿಮಗೆಲ್ಲ ಬುದ್ಧಿಯಿದೆ. ಕಳೆದ ಶನಿವಾರ ಸಂಜೆ, ಇನ್ನೇನು ಅತಿಥಿಗಳು ಬಂದೇಬಿಡುತ್ತಾರೆ ಅನ್ನುವಾಗ ಆ ಸಾಹಸ ಮಾಡಿದವಳು ನಾನು. ಯಾಕೆ ಎಂದು ಕೇಳಿ. ಹೇಳಿಕೊಂಡರೆ ನನಗೂ ಸ್ವಲ್ಪ ಹಗುರಾದೀತು.

ನಮ್ಮದು ಗೋಣಿಬೀಡಿನ ಹತ್ತಿರ ಸಣ್ಣ ಕಾಫಿ ತೋಟ. ಬೇಲಿಯ ಆಚೆ ನಸೀಮಾಳ ಮನೆ. ಅವಳ ಗಂಡ ರಫೀಕ್ ರಸ್ತೆ ಬದಿಯಲ್ಲಿ ಜೀಪ್ ರಿಪೇರಿ ಗ್ಯಾರೇಜ್ ಇಟ್ಟುಕೊಂಡಿದ್ದವರು. ಹೆಪ್ಪಿಗೆ ಮೊಸರು, ಜ್ವರದ ಮಾತ್ರೆ, ಗಂಡಂದಿರ ಮೇಲಿನ ದೂರು, ಎಲ್ಲವೂ ಬೇಲಿಯ ಮೇಲಿಂದಲೇ ಆಚೀಚೆ ಹೋಗಿಬರುತ್ತಿದ್ದವು. ಈಗ ಮಂಗಳೂರಿನಲ್ಲಿರುವ ರಫೀಕರ ಅಣ್ಣ ತಮ್ಮ ವರ್ಕ್‌ಶಾಪನ್ನು ದೊಡ್ಡದು ಮಾಡಿ, ಇಬ್ಬರೂ ಸೇರಿ ನಡೆಸೋಣ ಬಾ ಎಂದು ಕರೆದಿದ್ದಾರೆ. ಇಲ್ಲಿಯ ಗ್ಯಾರೇಜನ್ನು ಮಾರುವ ಯೋಚನೆಯೂ ಇತ್ತು. ಸೋಮವಾರ ಹೊರಡುವುದೆಂದು ನಿಶ್ಚಯವಾಯಿತು.

ಹೋಗುವ ಮೊದಲು ಊಟಕ್ಕೆ ಕರೆಯಬೇಕಲ್ಲ? ಬೇರೆ ಯಾರಾದರೂ ಆಗಿದ್ದರೆ ಒಂದು ಪಲಾವು, ಒಂದು ಪಾಯಸ ಮಾಡಿ ಕರೆದು ಕಳಿಸುತ್ತಿದ್ದರು. ಆದರೆ ನಾನು ಮೊಬೈಲ್ ನೋಡುವವಳು. ಯಾವುದೋ ವಿಡಿಯೋದಲ್ಲಿ ಒಬ್ಬಳು ಮರದ ಕೆಳಗೆ ಉದ್ದನೆಯ ಟೇಬಲ್ ಹಾಕಿ, ಲೈಟಿನ ಸರ ತೂಗುಬಿಟ್ಟು, ಒಂದೇ ಹಣ್ಣು ಬಳಸಿ ಸೂಪಿನಿಂದ ಐಸ್‌ಕ್ರೀಮಿನವರೆಗೆ ಎಲ್ಲವನ್ನೂ ಮಾಡಿದ್ದಳು. ಬೇಸಿಗೆಯ ಥೀಮ್ ಡಿನ್ನರ್ ಅಂತೆ. ನಮ್ಮ ಹಿತ್ತಲಿನ ಬಟರ್ ಫ್ರೂಟ್ ಮರದ ತುಂಬಾ ಕಾಯಿ. ಮುಂದೆ ಕಾಫಿ ಒಣಗಿಸುವ ಕಣ ಖಾಲಿ ಬಿದ್ದಿದೆ. ಇನ್ನೇನು ಬೇಕು?

ಡ್ರೆಸ್ ಕೋಡ್ ಕೂಡ ಇಟ್ಟೆ. ಹಸಿರು ಬಟ್ಟೆ ಕಡ್ಡಾಯ. (ಕರೆದದ್ದು ಮೂರೇ ಮೂರು ಜನರನ್ನು ಎಂಬುದು ಬೇರೆ ಮಾತು.)

"ಕಾಯಿ ಇನ್ನೂ ಬಲಿತಿಲ್ಲ ಕಣೆ. ಮಳೆ ಶುರುವಾಗೋತನಕ ಅದನ್ನ ಮುಟ್ಟಬೇಡ" ಎಂದರು ನಮ್ಮನೆಯವರು.

ಗಂಡ ಹೇಳಿದ್ದನ್ನು ಕೇಳುವ ಅಭ್ಯಾಸ ನನಗಿಲ್ಲ. ಒಂದು ಬುಟ್ಟಿ ಕೊಯ್ಸಿದೆ. ಕೆಲವನ್ನು ಅಕ್ಕಿಯ ಡ್ರಮ್ಮಿನಲ್ಲಿ ಹೂತೆ, ಕೆಲವನ್ನು ಬಾಳೆಹಣ್ಣಿನ ಜೊತೆ ಪೇಪರಿನಲ್ಲಿ ಸುತ್ತಿದೆ, ಉಳಿದದ್ದಕ್ಕೆ ಹುಲ್ಲು ಹೊದಿಸಿದೆ. ದಿನಾ ಬೆಳಿಗ್ಗೆ ಡಾಕ್ಟರು ಹೊಟ್ಟೆ ಒತ್ತಿ ನೋಡುವ ಹಾಗೆ ಒಂದೊಂದನ್ನೂ ಒತ್ತಿ ನೋಡುವುದು. ಕಲ್ಲು. ಮರುದಿನವೂ ಕಲ್ಲು. ಶನಿವಾರ ಬೆಳಿಗ್ಗೆ ಒಂದು ಕೈತಪ್ಪಿ ನೆಲಕ್ಕೆ ಬಿತ್ತು. ಟೈಲ್ಸ್ ಬಿರುಕು ಬಿಟ್ಟಿತು. ಹಣ್ಣಿಗೆ ಏನೂ ಆಗಲಿಲ್ಲ.

ಈ ನಡುವೆ ನಸೀಮಾ ಬೇಲಿಯ ಹತ್ತಿರ ಸಿಕ್ಕಾಗಲೆಲ್ಲ ನಾನು ಕೇಳಿದ್ದೇನು ಗೊತ್ತೇ? "ನಿನ್ನ ಹತ್ರ ಹಸಿರು ದುಪಟ್ಟಾ ಇದೆ ತಾನೇ?" "ಲೈಟು ಹಳದಿ ಹಾಕಲಾ, ಬಿಳಿ ಹಾಕಲಾ?" "ರಫೀಕ್‌ಗೆ ಹಸಿರು ಶರ್ಟ್ ಇಲ್ಲದಿದ್ರೆ ನಮ್ಮನೆಯವರದ್ದು ಕೊಡ್ತೀನಿ." ಅವಳು ನಕ್ಕು, "ಆಯ್ತಕ್ಕ, ನೀವು ಹೇಳಿದ ಹಾಗೆ" ಎನ್ನುತ್ತಿದ್ದಳು. ಮುಖ ಸ್ವಲ್ಪ ಬಾಡಿದಂತಿತ್ತು. ಸಾಮಾನು ಕಟ್ಟಿ ಸುಸ್ತಾಗಿರಬೇಕು ಅಂದುಕೊಂಡೆ. ನನಗೋ, ಲೈಟಿನ ಚಿಂತೆ.

ಶನಿವಾರ ಸಂಜೆ ಬೇರೆ ದಾರಿಯೇ ಕಾಣಲಿಲ್ಲ. ಕಲ್ಲುಗಳ ಸಿಪ್ಪೆ ಹೆರೆದು, ತುಂಡು ಮಾಡಿ, ಕುಕ್ಕರಿಗೆ ಹಾಕಿದೆ. ಮೆತ್ತಗಾಯಿತು, ಸುಳ್ಳು ಹೇಳಬಾರದು. ರುಬ್ಬಿ, ಕಾಳುಮೆಣಸಿನ ಪುಡಿ ಹಾಕಿ, ಮೇಲೆ ಕೊತ್ತಂಬರಿ ಎಲೆ ಇಟ್ಟೆ. ವಿಡಿಯೋದಲ್ಲಿದ್ದ ಸೂಪಿನ ಬಣ್ಣವೇ ಬಂತು. ಆ ಸಂತೋಷದಲ್ಲಿ ರುಚಿ ನೋಡುವುದನ್ನೇ ಮರೆತೆ.

ಕತ್ತಲಾಗುವ ಹೊತ್ತಿಗೆ ಎಲ್ಲರೂ ಬಂದರು. ನಸೀಮಾ ಹಸಿರು ದುಪಟ್ಟಾ ಹೊದ್ದಿದ್ದಳು. ರಫೀಕ್ ನಮ್ಮನೆಯವರ ಶರ್ಟು ಹಾಕಿಕೊಂಡು, ತೋಳು ಉದ್ದವಾಗಿ, ಒಳ್ಳೆ ಶಾಲಾ ವಾರ್ಷಿಕೋತ್ಸವಕ್ಕೆ ಬಂದವರ ಹಾಗೆ ಕಂಡರು. ಎದುರು ಮನೆಯ ವಸಂತಕ್ಕ ಎಪ್ಪತ್ತು ದಾಟಿದವರು, ನಾಲಿಗೆಗೆ ಬ್ರೇಕ್ ಇಲ್ಲದವರು. ಅವರು ಮಾತ್ರ ಕೆಂಪು ಸೀರೆ ಉಟ್ಟುಕೊಂಡು ಬಂದು, "ನನ್ನ ಹಸಿರು ಸೀರೆ ಸೊಸೆ ಉಟ್ಕೊಂಡು ಹೋದ್ಲು. ಒಳಗೆ ಬಿಡ್ತೀಯೋ ಇಲ್ವೋ?" ಎಂದರು.

ಕಣದ ತುಂಬಾ ಹಳದಿ ಬೆಳಕು. ಟೇಬಲ್ಲಿಗೆ ಬಾಳೆ ಎಲೆಯ ಅಲಂಕಾರ. ಫೋಟೋಗಳು ಬಹಳ ಚೆನ್ನಾಗಿ ಬಂದವು. ಆಮೇಲೆ ಸೂಪು ಬಡಿಸಿದೆ.

ಎಲ್ಲರೂ ಒಂದೊಂದು ಚಮಚ ಬಾಯಿಗಿಟ್ಟರು. ಚಮಚಗಳು ಒಂದೊಂದಾಗಿ ಬಟ್ಟಲಿಗೆ ವಾಪಸಾದವು.

"ಇದೆಂತದು ಮಾರಾಯ್ತಿ, ಕಷಾಯನಾ? ಯಾರಿಗೆ ಜ್ವರ?" ಎಂದರು ವಸಂತಕ್ಕ.

ನಾನೂ ಕುಡಿದು ನೋಡಿದೆ. ಕಹಿ! ಬೇವಿನ ಸೊಪ್ಪು ಎಷ್ಟೋ ವಾಸಿ. ಬಲಿಯದ ಬಟರ್ ಫ್ರೂಟನ್ನು ಬೇಯಿಸಿದರೆ ಹೀಗಾಗುತ್ತದೆಂದು ಆ ವಿಡಿಯೋದವಳು ಯಾಕೆ ಹೇಳಲಿಲ್ಲ? (ಬೇಯಿಸುವವರು ಇರುತ್ತಾರೆಂದು ಅವಳಿಗಾದರೂ ಹೇಗೆ ಗೊತ್ತಾಗಬೇಕು?) ಚಪಾತಿ ಹಿಟ್ಟಿಗೆ ಕಲಸಿದ್ದೂ ಅದೇ, ಚಟ್ನಿಗೆ ರುಬ್ಬಿದ್ದೂ ಅದೇ, ಫ್ರೀಜರಿನಲ್ಲಿ ಐಸ್‌ಕ್ರೀಮ್ ಎಂದು ಕೂತಿದ್ದೂ ಅದೇ. ಥೀಮ್ ಅಂದರೆ ಥೀಮ್. ಮನೆಯಲ್ಲಿ ಒಂದು ಹಿಡಿ ಅನ್ನ ಕೂಡ ಇರಲಿಲ್ಲ.

ರಫೀಕ್ ಪಾಪ, "ಆರೋಗ್ಯಕ್ಕೆ ಒಳ್ಳೇದು ಅಂತಾರೆ" ಎಂದು ಇನ್ನೊಂದು ಚಮಚ ಎತ್ತಿದರು. ನಸೀಮಾ ಅವರ ಕೈ ಹಿಡಿದು ಬಟ್ಟಲನ್ನು ಆಚೆ ಸರಿಸಿದಳು. ಎದ್ದಳು. ನನ್ನನ್ನು ಒಂದು ಮಾತೂ ಕೇಳದೆ ನೇರ ಅಡುಗೆಮನೆಗೆ ನಡೆದಳು.

ಹಿಂದೆಯೇ ಓಡಿದೆ. ಅಷ್ಟರಲ್ಲಿ ಅವಳು ಬಾಣಲೆಯಲ್ಲಿ ನೀರಿಟ್ಟು ಅಕ್ಕಿಹಿಟ್ಟಿನ ಡಬ್ಬ ಇಳಿಸಿಯಾಗಿತ್ತು.

"ಅಯ್ಯೋ, ಬಿಡೇ! ನಿನಗೇ ಪಾರ್ಟಿ, ನೀನೇ ರೊಟ್ಟಿ ತಟ್ಟೋದಾ? ಹೋಗಿ ಕೂತ್ಕೋ."

"ತಟ್ತೀನಿ ಬಿಡಿ ಅಕ್ಕ. ನನ್ನ ಪಾತ್ರೆಯೆಲ್ಲ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದೀವಿ. ದಿನಾ ಹೋಟೆಲ್ ಪಾರ್ಸೆಲ್. ಒಲೆ ಮುಂದೆ ನಿಲ್ದೆ ಕೈಯೆಲ್ಲ ಎಂತದೋ ಆಗ್ತಿದೆ."

ಹಿಟ್ಟು ಉಕ್ಕರಿಸಿ ನಾದಿದಳು. ನಾನು ಉಂಡೆ ಕಟ್ಟಿದೆ. ಎರಡು ರೊಟ್ಟಿಯಾಗುವಷ್ಟರಲ್ಲಿ ಅವಳ ಕೈ ನಿಧಾನವಾಯಿತು.

"ನಂಗೆ ಹೋಗೋಕೆ ಮನಸ್ಸೇ ಇಲ್ಲ ಅಕ್ಕ" ಎಂದಳು. ನನ್ನ ಕಡೆ ನೋಡಲಿಲ್ಲ, ಹೆಂಚನ್ನೇ ನೋಡುತ್ತಿದ್ದಳು. "ಅವ್ರಿಗೆ ಖುಷಿ ಉಂಟು. ಅದಕ್ಕೇ ಬಾಯಿ ಬಿಡ್ಲಿಲ್ಲ. ನಾಲ್ಕನೇ ಮಾಳಿಗೆ ಮನೆ. ಬಾಗಿಲು ಹಾಕಿದ್ರೆ ಪಕ್ಕದಲ್ಲಿ ಯಾರಿದ್ದಾರೆ ಅಂತ್ಲೇ ಗೊತ್ತಾಗಲ್ಲ. ಅಲ್ಲಿ ನಾನು ಯಾರ ಹತ್ರ ಮಾತಾಡ್ಲಿ?"

ವಾರಗಟ್ಟಲೆ ಅವಳ ದುಪಟ್ಟಾದ ಬಣ್ಣ ವಿಚಾರಿಸಿದ್ದೆ, ಗಂಡನ ಶರ್ಟಿನ ಅಳತೆ ವಿಚಾರಿಸಿದ್ದೆ. ನಿನಗೆ ಹೋಗಲು ಇಷ್ಟವೇನೇ ಎಂದು ಒಂದು ಸಲವಾದರೂ ಕೇಳಿದ್ದೆನೇ? ಇಲ್ಲ. ಊರಿಗೆಲ್ಲ ವಾರವಾರ ಬುದ್ಧಿ ಹೇಳುವ ಅಂಕಣಗಾರ್ತಿಗೆ ಪಕ್ಕದಲ್ಲಿ ನಿಂತವಳ ಮುಖ ಓದಲು ಬರಲಿಲ್ಲ. ಬಟರ್ ಫ್ರೂಟನ್ನಾದರೆ ದಿನಾ ಒತ್ತಿ ನೋಡುತ್ತಿದ್ದೆ!

ತಬ್ಬಿಕೊಂಡೆ. ಇಬ್ಬರ ಕೈಯಲ್ಲೂ ಹಿಟ್ಟು. ಹಸಿರು ದುಪಟ್ಟಾ ಬೆಳ್ಳಗಾಯಿತು. ಅವಳು ಅತ್ತಳು, ನಾನೂ ಅತ್ತೆ, ಹೆಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

"ಒಳಗೆ ಎಂತ ಆಗ್ತಿದೆ? ಇಲ್ಲಿ ಹಸಿದವರು ಹಸಿದೇ ಇದ್ದೀವಿ!" ಹೊರಗಿನಿಂದ ವಸಂತಕ್ಕನ ಕೂಗು. ನಸೀಮಾ ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು.

ಲೈಟಿನ ಸರದ ಕೆಳಗೆ, ಬಾಳೆ ಎಲೆಯ ಅಲಂಕಾರದ ನಡುವೆ, ಬಿಸಿ ಅಕ್ಕಿರೊಟ್ಟಿ, ಮೊಟ್ಟೆ ಪಲ್ಯ, ಒಣಮೆಣಸಿನ ಚಟ್ನಿ ತಿಂದೆವು. ವಸಂತಕ್ಕ ಮೂರನೆಯ ರೊಟ್ಟಿಗೆ ಕೈ ಹಾಕುತ್ತಾ, "ಈಗ ನೋಡು, ಪಾರ್ಟಿ ಅಂದ್ರೆ ಇದು" ಎಂದರು. ನಮ್ಮನೆಯವರು ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಮೂವತ್ತು ವರ್ಷದ ಸಂಸಾರ ಅವರಿಗೆ ಅಷ್ಟಾದರೂ ಕಲಿಸಿದೆ. ನಸೀಮಾ ಮಾತ್ರ ಎಲ್ಲರೆದುರು ರಫೀಕರಿಗೆ ತನ್ನ ಅಂಜಿಕೆ ಹೇಳಿದಳು. ಅವರು ಗಾಬರಿಯಾಗಿ, "ಮೊದ್ಲೇ ಹೇಳ್ಬಾರ್ದಿತ್ತಾ? ಒಂದು ವರ್ಷ ನೋಡುವ. ಹಿಡಿಸದಿದ್ರೆ ವಾಪಸ್ ಬರುವ, ಗ್ಯಾರೇಜ್ ಎಲ್ಲಿಗೂ ಓಡಿ ಹೋಗಲ್ಲ" ಎಂದರು. ಗ್ಯಾರೇಜನ್ನು ಮಾರುವ ಯೋಚನೆ ಅಲ್ಲಿಗೇ ನಿಂತಿತು.

ಸೋಮವಾರ ಅವರ ಲಾರಿ ಹೋಯಿತು. ಉಳಿದ ಬಟರ್ ಫ್ರೂಟುಗಳು ಹಣ್ಣಾಗಲೇ ಇಲ್ಲ. ಕಲ್ಲಿನಿಂದ ನೇರ ರಬ್ಬರಿಗೆ ತಿರುಗಿ, ಮುದುಡಿಕೊಂಡು ಗೊಬ್ಬರದ ಗುಂಡಿ ಸೇರಿದವು.

ನಿನ್ನೆ ನಸೀಮಾಗೆ ಫೋನ್ ಮಾಡಿದ್ದೆ. ಈ ಸಲ ಮೊದಲು ಕೇಳಿದ್ದೇ, "ಹೇಗಿದ್ದೀಯೇ, ಬೇಜಾರಾ?"

"ಅಡ್ಡಿಲ್ಲ ಅಕ್ಕ. ಎದುರು ಫ್ಲ್ಯಾಟಿನವರು ಒಳ್ಳೆಯವರು. ಇವತ್ತು ಊಟಕ್ಕೆ ಕರೆದಿದ್ದಾರೆ."

"ಅಬ್ಬಾ, ಒಳ್ಳೇದಾಯ್ತು! ಎಂತ ಸ್ಪೆಷಲ್ ಅಂತೆ?"

"ಕೇಳ್ಲಿಲ್ಲ. ಎಂತದಕ್ಕೂ ಇರ್ಲಿ ಅಂತ ಎರಡು ರೊಟ್ಟಿ ತಿಂದ್ಕೊಂಡೇ ಹೊರಟಿದ್ದೀನಿ."